ಕಿವಿಯಿಲ್ಲದ ಕಾಲು

ಫೋನು ಕೆಳಗಿಟ್ಟ ಮೇಲೂ ಆ ಹುಡುಗಿಯ ದನಿ ಅವಳ ಕಿವಿ ಬಿಟ್ಟು ಇಳಿಯಲಿಲ್ಲ. "ನೀವೇ ಒಂದು ಮಾತು ಹೇಳಿಬಿಡಿ ಆಂಟಿ. ನಾನು ಹೇಳಿದ್ರೆ ಅಮ್ಮ ತುಂಬ ಬೇಜಾರು ಮಾಡ್ಕೊತಾರೆ. ಸ್ವಂತ ತಂಗಿ ನೀವು, ನಿಮ್ಮ ಬಾಯಲ್ಲಿ ಬಂದ್ರೆ ಅಷ್ಟು ನೋವಾಗಲ್ಲ." ಹುಡುಗಿ ಅಂದರೆ ಅಕ್ಕ ಹೋಗುವ ನೃತ್ಯದ ಕ್ಲಾಸಿನ ಟೀಚರು, ಮೂವತ್ತು ತುಂಬಿದೆಯೋ ಇಲ್ಲವೋ, ಅಕ್ಕನನ್ನು ಅಮ್ಮ ಎಂದೇ ಕರೆಯುತ್ತಾಳೆ. ಶನಿವಾರ ಮಧ್ಯಾಹ್ನ ಕ್ಲಾಸಿನ ವಾರ್ಷಿಕ ಕಾರ್ಯಕ್ರಮ. ಅರವತ್ತು ದಾಟಿದ ಹನ್ನೆರಡು ಹೆಂಗಸರ ಒಂದು ಗುಂಪು ನೃತ್ಯ. ಎಲ್ಲರಿಗಿಂತ ಹಿರಿಯಳು, ಎಪ್ಪತ್ತೊಂದರ ಅಕ್ಕ, ಆ ಮರ್ಯಾದೆಗೆ ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಎಲ್ಲರ ಕಾಲೂ ನೆಲ ಮುಟ್ಟಿದ ಮೇಲೆ ಅಕ್ಕನ ಕಾಲು ಮುಟ್ಟುತ್ತದೆ. ಅರ್ಧ ಹೆಜ್ಜೆ ತಡ. "ಹನ್ನೆರಡು ಜನ ಒಬ್ಬರ ಹಾಗೆ ಕಾಣ್ಬೇಕು ಆಂಟಿ, ಅದೇ ಅದರ ಅಂದ. ಅಮ್ಮ ಬೇಕಾದ್ರೆ ಅತಿಥಿಗಳಿಗೆ ಹೂಗುಚ್ಛ ಕೊಡ್ಲಿ, ಸ್ಟೇಜ್ ಮೇಲೆ ಬಂದ ಹಾಗೂ ಆಗುತ್ತೆ." ಅವಳು "ಆಗ್ಲಿ, ನೋಡೋಣ" ಅಂದಿದ್ದಳು. ನೋಡುವುದಕ್ಕೆ ಏನಿತ್ತು? ಮುದ್ರಣಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತಳಾದವಳು ಅವಳು. ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಅವಳಿಗೆ ಸೂಜಿಗಣ್ಣು ಅಂತ ಹೆಸರಿಟ್ಟಿದ್ದರು. ಈಗಲೂ ಸೋಪಿನ ಪೊಟ್ಟಣವಾಗಲಿ, ಬಸ್ಸಿನ ಹಲಗೆಯಾಗಲಿ, ಎಲ್ಲಿ ದೀರ್ಘ ಬಿಟ್ಟಿದೆ, ಎಲ್ಲಿ ಒತ್ತು ತಪ್ಪಿದೆ ಎಂಬುದು ಓದುವ ಮೊದಲೇ ಕಣ್ಣಿಗೆ ಚುಚ್ಚುತ್ತದೆ. ಅಕ್ಕನ ಅರ್ಧ ಹೆಜ್ಜೆಯನ್ನು ಆ ಹುಡುಗಿ ಎರಡು ವರ್ಷದಿಂದ ಕಂಡಿದ್ದಾಳೆ. ಅವಳು ಐವತ್ಮೂರು ವರ್ಷದಿಂದ ಕಾಣುತ್ತ ಬಂದಿದ್ದಾಳೆ. ಅದನ್ನು ಹುಡುಗಿಗೆ ಹೇಳಲಿಲ್ಲ. ಇಂಥ ಮಾತನ್ನು ತನ್ನ ಕೈಲಿ ಹೇಳಿಸಿದವರಲ್ಲಿ ನೀನು ಎರಡನೆಯವಳು ಎಂದೂ ಹೇಳಲಿಲ್ಲ.

ಒಣಗಿದ ಬಟ್ಟೆ ಮಡಚಲು ಕೂತಳು. ದಿಂಬಿನ ಚೀಲದ ಮೂಲೆಗೆ ಮೂಲೆ ಸೇರಿಸುವಷ್ಟರಲ್ಲಿ ಹಳೆಯ ನೃತ್ಯದ ಮೇಷ್ಟ್ರು ನೆನಪಿನೊಳಗಿಂದ ಎದ್ದು, ಬಾಯಲ್ಲಿ ಲವಂಗ ಹೊರಳಿಸುತ್ತ ಎದುರು ನಿಂತಿದ್ದರು. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಹಲಗೆಯ ಸಂದಿನಿಂದ ಮೇಲೇರುವ ಗ್ರೀಸಿನ ವಾಸನೆ. ಆಗ ಅವಳಿಗೆ ಹದಿಮೂರು, ಅಕ್ಕನಿಗೆ ಹದಿನೆಂಟು. ನೃತ್ಯ ಕಲಿಯಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟವಳು ಅಕ್ಕ. ಅಕ್ಕನಿಗೆ ಜೊತೆಯಾಗಲಿ ಅಂತ ಅಪ್ಪ ಅವಳನ್ನೂ ಸೇರಿಸಿದ್ದರು. ಮೂರೇ ತಿಂಗಳಿಗೆ ಜೊತೆಗೆ ಬಂದವಳು ಮುಂದಿನ ಸಾಲಿಗೆ, ಹಟ ಹಿಡಿದವಳು ಹಿಂದಿನ ಸಾಲಿಗೆ. ಆ ದಿನ ಚಪ್ಪಲಿ ಹುಡುಕುತ್ತಿದ್ದ ಅವಳನ್ನು ಮೇಷ್ಟ್ರು ಪಕ್ಕಕ್ಕೆ ಕರೆದರು. "ನಿಮ್ಮಕ್ಕನಿಗೆ ಹೇಳು, ನಾಳೆಯಿಂದ ಬರೋದು ಬೇಡ ಅಂತ. ಪಾಪ, ಒಳ್ಳೇ ಹುಡುಗಿ. ಆದ್ರೆ ಅವಳ ಕಾಲಿಗೆ ಕಿವಿ ಇಲ್ಲ." ಎಂಥ ಮಾತು ಅದು! ಕಾಲಿಗೆ ಕಿವಿ ಇಲ್ಲ. ದಾರಿಯುದ್ದಕ್ಕೂ ಅವಳು ಅದನ್ನು ಪೆಪ್ಪರಮಿಂಟಿನ ಹಾಗೆ ಕೆನ್ನೆಯೊಳಗೆ ಇಟ್ಟುಕೊಂಡು ಬಂದಳು. ಪಕ್ಕದಲ್ಲೇ ನಡೆಯುತ್ತಿದ್ದ ಅಕ್ಕನಿಗೆ ಅಲ್ಲೇ, ಇಬ್ಬರೇ ಇದ್ದಾಗ, ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪ, ಅಮ್ಮ, ಎರಡು ದಿನಕ್ಕೆಂದು ಬಂದಿದ್ದ ಸೋದರತ್ತೆ ಎಲ್ಲ ಊಟಕ್ಕೆ ಕೂತಾಗ ಹೇಳಿದಳು. ಹೇಳಿದ್ದು ಸಾಲದೆಂದು ಎದ್ದು ನಿಂತು ಮಾಡಿಯೂ ತೋರಿಸಿದಳು: ಬಾಯಿ ಸ್ವಲ್ಪ ತೆರೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಮೈಯೆಲ್ಲ ತಿರುಗಿ ಆದ ಮೇಲೆ ಮರೆತವರ ಹಾಗೆ ಎಳೆದುಕೊಂಡು ಬರುವ ಆ ಬಲಗಾಲು. ಸೋದರತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಪ್ಪನಿಗೆ ನೆತ್ತಿ ಹತ್ತಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ. ನಕ್ಕು, ಅಪ್ಪನಿಗೆ ನೀರು ತರುತ್ತೇನೆಂದು ಅಡುಗೆಮನೆಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಒಂದು ಲೋಟ ನೀರಿಗೆ ಅಷ್ಟು ಹೊತ್ತು ಯಾಕೆ ಎಂದು ಆಗ ಯಾರೂ ಯೋಚಿಸಲಿಲ್ಲ. ಅವಳು ಮಾತ್ರ ಯೋಚಿಸುತ್ತಲೇ ಇದ್ದಾಳೆ. ಮದುವೆಯಾಗಿ, ಗಂಡ ತೀರಿಕೊಂಡು, ಮಗಳಿಗೆ ಮಗುವಾಗಿ, ಸಾವಿರಾರು ಪುಟ ತಿದ್ದಿದ ಮೇಲೂ, ಅಕ್ಕ ನೀರು ತರಲು ತೆಗೆದುಕೊಂಡ ಆ ಹೊತ್ತು ಇನ್ನೂ ಮುಗಿದಿಲ್ಲ.

ಇವತ್ತು ಕ್ಲಾಸಿಗೆ ನಾನೂ ಬರ್ತೀನಿ ಎಂದು ಫೋನು ಮಾಡಿ ಹೋದಾಗ ಅಕ್ಕನ ಮನೆಯ ಬಾಗಿಲು ತೆಗೆದದ್ದು ಭಾವ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೂ ನಿಂತೂ ಅವರ ಎಡ ಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ. "ಬಾಮ್ಮ, ಬಾ. ನಿಮ್ಮಕ್ಕನದು ಒಳಗೆ ನಡೀತಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇವಳು ಹಾಗನ್ನಲ್ಲಪ್ಪ. ನೆಲ ಡೊಂಕಾಗೋವರೆಗೂ ಕುಣೀತಾಳೆ." ಮದುವೆಯಾದ ವರ್ಷದಿಂದ ಅವರದು ಇದೇ ಮಾತು, ಅದೇ ನಗು. ಮೊದಮೊದಲು ಅವಳಿಗೆ ಅದು ಅವಮಾನ ಅನ್ನಿಸಿತ್ತು. ಆಮೇಲೊಂದು ದಿನ ಒಳಗಿನ ಕೋಣೆಗೆ ಹೋಗಿ ನೋಡಿದಾಗ ಅಲ್ಲಿ ಮಂಚ ಇರಲಿಲ್ಲ. ಇರುವುದು ಎರಡೇ ಕೋಣೆ. ಅಕ್ಕನಿಗೆ ಕುಣಿಯಲು ಜಾಗವಿಲ್ಲವೆಂದು ಭಾವ ಮಂಚವನ್ನು ಮಾರಿಬಿಟ್ಟಿದ್ದರು. ನಲವತ್ತು ವರ್ಷದಿಂದ ಗಂಡ ಹೆಂಡತಿ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಆ ಕೋಣೆಯ ನೆಲ ನಡುವೆ ಮಾತ್ರ ನುಣುಪಾಗಿ ಬಣ್ಣ ಕಳೆದುಕೊಂಡು ಒಂದು ದೊಡ್ಡ ತಟ್ಟೆಯಷ್ಟಗಲ ಹೊಳೆಯುತ್ತದೆ; ಅಂಚಿನಲ್ಲಿ ಮೊದಲಿನ ಕೆಂಪು ಹಾಗೇ ಇದೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅಕ್ಕನಿಗೆ ಕೆಲಸವಿದ್ದಾಗ, ದಿನಕ್ಕೆ ನಾನೂರು ಹೊದಿಕೆ ಮಡಚುವ ಆ ಮೂವತ್ತೊಂದು ವರ್ಷ, ಬೆಳಗ್ಗೆ ಐದಕ್ಕೆದ್ದು ಒಂದು ಗಂಟೆ ಇಲ್ಲೇ ಕುಣಿದು, ಮುಖ ತೊಳೆದು, ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದಳು. ಮಗ ಹುಟ್ಟಿದ ಎರಡನೇ ತಿಂಗಳು ಕುಣಿಯುತ್ತಿದ್ದವಳನ್ನು ಅಮ್ಮ ಬೈದಾಗ, "ಮಗು ಮಲಗಿದೆಯಲ್ಲಮ್ಮ, ಇನ್ನೇನು ಮಾಡ್ಲಿ" ಅಂದಿದ್ದಳಂತೆ.

ಈಗ ಅಕ್ಕ ಕುರ್ಚಿಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. "ಬಂದ್ಯಾ? ಹೊತ್ತಾಯ್ತು ಅಂತ ನಾನು ಹೊರಟೇಬಿಡ್ತಿದ್ದೆ. ಇವತ್ತು ಕೊನೇ ಸುತ್ತು ಕೂತು ಏಳೋದಿದೆ, ಈ ಮಂಡಿ ಏನ್ ಹೇಳುತ್ತೋ." ಭಾವ ಹೊರಗಿನಿಂದಲೇ ಕೂಗಿದರು: "ಮಂಡಿ ಏನ್ ಹೇಳಿದ್ರೂ ನೀನು ಕೇಳ್ಬೇಕಲ್ಲ!" ಅಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. "ಯಾಕೆ, ಮುಖ ಬಾಡಿದೆ? ಊಟ ಮಾಡಿದ್ಯೋ ಇಲ್ವೋ?" ಅವಳು ಮಾಡಿದೆ ಎಂದಳು. ಸುಳ್ಳು.

ಬಸ್ಸಿನಲ್ಲಿ ಹೇಳೋಣವೆಂದುಕೊಂಡಳು. ಕಿಟಕಿ ಕಡೆ ಅಕ್ಕ ಕೂತಿದ್ದಳು, ಮಡಿಲಲ್ಲಿ ಬಟ್ಟೆಯ ಚೀಲ, ಚೀಲದ ಮೇಲೆ ಎರಡೂ ಕೈ. ಆ ಕೈಗಳನ್ನು ನೋಡುತ್ತ ಅವಳು ಹೇಳುವುದನ್ನು ಮುಂದಕ್ಕೆ ಹಾಕಿದಳು. ಉಗುರು ಒಡೆದ, ಸಾಬೂನಿಗೆ ಬೆಂದು ಗೆರೆ ಬಿದ್ದ ಕೈ. ಆದರೂ ಕಂಬಿ ಹಿಡಿಯಲು ಎತ್ತಿದಾಗ ಮಣಿಕಟ್ಟು ಮೊದಲು ಏಳುತ್ತದೆ, ಬೆರಳು ಆಮೇಲೆ ಅರಳುತ್ತದೆ. ಹಾಗೆ ಎತ್ತುವುದನ್ನು ಕಲಿಸಿದ ಮೇಷ್ಟ್ರು ಅಕ್ಕನದಲ್ಲ, ಅವಳ ಕೈಯನ್ನು ಹಿಡಿದು ತರಗತಿಗೆಲ್ಲ ತೋರಿಸುತ್ತಿದ್ದರು: ನೋಡಿ, ಹೀಗೆ. ಅವಳದು ತಪ್ಪದ ಕೈ, ತಪ್ಪದ ಕಾಲು. ಹತ್ತೊಂಬತ್ತನೇ ವಯಸ್ಸಿನಲ್ಲಿ, ತುಂಬಿದ ಸಭೆಯ ಮುಂದೆ, ಒಬ್ಬಳೇ ಕುಣಿಯುತ್ತಿದ್ದಾಗ ಅವಳಿಗೆ ಎಂಟು ಎಣಿಕೆ ಮರೆತುಹೋಯಿತು. ಎಂಟೇ ಎಂಟು. ನಿಂತಳು. ಒಂಬತ್ತನೆಯದಕ್ಕೆ ನೆನಪಾಗಿ ಮುಂದುವರಿದಳು. ಅದೂ ನೃತ್ಯದಲ್ಲೇ ಇರುವ ನಿಲುಗಡೆಯೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಮರುದಿನ ಪರೀಕ್ಷೆಯಿದೆಯೆಂದಳು, ಮುಂದಿನ ವಾರ ಜ್ವರವೆಂದಳು. ಮೇಷ್ಟ್ರು ಎರಡು ಸಲ ಮನೆಗೇ ಬಂದರು. ಅವಳು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತು, ಮನೆಯಲ್ಲಿಲ್ಲ ಎಂದು ಅಕ್ಕನ ಕೈಲಿ ಹೇಳಿಸಿದಳು. ಅಕ್ಕ ಹೇಳಿದಳು. ಬಾಗಿಲು ಮುಚ್ಚಿ ಬಂದು ಒಂದೇ ಒಂದು ಮಾತು ಕೇಳಿದ್ದಳು: "ನಿನಗೆ ಅದು ಬೇಡ್ವೇನೇ?" ಆಸೆಗಣ್ಣಿನಿಂದ, ಬೇರೆಯವರ ತಟ್ಟೆಯಲ್ಲಿ ಮಿಕ್ಕದ್ದನ್ನು ಕೇಳುವವರ ಹಾಗೆ. ಅಷ್ಟೂ ವರ್ಷ ಅಕ್ಕ ತಂಗಿಯನ್ನು ಬಿಡುವ ನೆಪದಲ್ಲಿ ಅಲ್ಲಿಗೆ ಬಂದು, ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು, ಮೇಲಿನ ಕೋಣೆಯ ಹೆಜ್ಜೆಯ ಸದ್ದು ಕೇಳಿಕೊಂಡು ಕಾಲಾಡಿಸುತ್ತಿದ್ದಳು. ಆಮೇಲೆ ಎಲ್ಲೆಲ್ಲಿ ಸೇರಿಸಿಕೊಂಡರೋ ಅಲ್ಲೆಲ್ಲ. ಮೂವತ್ತರಲ್ಲಿ ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ಮರದ ಹಾಗೆ ಎತ್ತರವಾಗಿ ನಿಂತು ಕಲಿತಳು. ನಲವತ್ತೈದರಲ್ಲಿ ಕಾರ್ಖಾನೆಯ ಹೆಂಗಸರ ಸಂಘದಲ್ಲಿ. ಎಲ್ಲ ಕಡೆಯೂ ಹಿಂದಿನ ಸಾಲು; ಎಲ್ಲ ಕಡೆಯೂ ಅರ್ಧ ಹೆಜ್ಜೆ. ಅವಳು ಕೆಲವು ಕಾರ್ಯಕ್ರಮಗಳನ್ನು ನೋಡಲು ಹೋಗಿದ್ದಳು. ನೋಡುತ್ತ ಕಿರುಬೆರಳನ್ನು ತೊಡೆಗೆ ಒತ್ತಿ ಎಣಿಸುತ್ತಿದ್ದಳು, ಇಲ್ಲಿ ತಪ್ಪಿತು, ಇಲ್ಲಿ, ಇಲ್ಲಿ. ಮನೆಗೆ ಬಂದು "ಚೆನ್ನಾಗಿತ್ತು ಅಕ್ಕ" ಎನ್ನುತ್ತಿದ್ದಳು.

ಕ್ಲಾಸು ಇರುವುದು ಪೀಠೋಪಕರಣದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಮೊದಲ ತಿರುವಿನಲ್ಲಿ ಅಕ್ಕ ಕಂಬಿ ಹಿಡಿದು ನಿಂತು ಉಸಿರು ಸುಧಾರಿಸಿಕೊಂಡಳು. ಅವಳೂ ನಿಂತಳು. "ಅಕ್ಕ, ಒಂದು ಮಾತು ಹೇಳೋದಿತ್ತು."

"ಹೇಳು."

ಹೇಳಿದಳು. ಯಾರ ಫೋನು, ಎಷ್ಟು ಹೊತ್ತಿಗೆ, ಹುಡುಗಿ ಅಂದದ್ದೇನು, ಹೂಗುಚ್ಛ, ಎಲ್ಲ. ಹೇಳುತ್ತ ಹೋದಂತೆ ತನ್ನ ದನಿ ತಾನೇ ಕೇಳಿ ಅವಳಿಗೆ ಅಸಹ್ಯವಾಯಿತು. ಎಷ್ಟು ಚೊಕ್ಕವಾಗಿ, ಒಂದು ಪದವೂ ಹೆಚ್ಚಿಲ್ಲದೆ ಹೇಳುತ್ತಿದ್ದಳು.

ಅಕ್ಕ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. "ಓಹೋ, ನಿನಗೆ ಬಂತಾ ಫೋನು? ನಿನ್ನೆಯಿಂದ್ಲೇ ನನಗೆ ಅನುಮಾನ. ಆ ಹುಡುಗಿ ನಿನ್ನೆಯೆಲ್ಲ ನನ್ನ ಮುಖ ನೋಡ್ಲಿಲ್ಲ, ಮಂಡಿ ನೋಡ್ಕೊಂಡು ಮಾತಾಡ್ತಿದ್ಲು."

"ಬೇಜಾರಾಯ್ತಾ?"

"ಆಗದೆ ಇರುತ್ತಾ? ನಾನೇನು ಕಲ್ಲಾ?" ಅಕ್ಕ ಉಗುರಿಗೆ ಮೆತ್ತಿದ ಸುಣ್ಣ ಕೊಡವಿದಳು. "ಮುಂದಿನ ಸಾಲು, ಇದೇ ಮೊದಲನೇ ಸಲ ಸಿಕ್ಕಿತ್ತು ಕಣೇ."

ಅವಳಿಗೆ ತಡೆಯಲಾಗಲಿಲ್ಲ. ಐವತ್ಮೂರು ವರ್ಷ ಗಂಟಲಲ್ಲಿ ಕೂತದ್ದು ಈ ಧೂಳಿನ ಮೆಟ್ಟಿಲ ತಿರುವಿನಲ್ಲಿ, ಮೇಲೆ ಯಾರೋ ಕುರ್ಚಿ ಎಳೆಯುತ್ತಿದ್ದಾಗ, ಹೊರಬಂತು. "ಅವತ್ತೂ ನಾನೇ ಹೇಳಿದ್ದು. ಎಲ್ಲರೂ ಊಟಕ್ಕೆ ಕೂತಿದ್ದಾಗ. ಸೋದರತ್ತೆ ಇದ್ರು. ನಾನು ಎದ್ದು ನಿಂತು ನಿನ್ನ ಹಾಗೆ..."

"ಯಾವತ್ತು?" ಅಕ್ಕ ಹುಬ್ಬು ಗಂಟಿಕ್ಕಿದಳು. ಆಮೇಲೆ ಮುಖ ಬಿಚ್ಚಿಕೊಂಡಿತು. "ಓ, ಅದಾ! ಎಷ್ಟು ಚೆನ್ನಾಗಿ ಮಾಡಿ ತೋರಿಸಿದ್ದೆ ಮಾರಾಯ್ತಿ! ನಾನು ಎಲ್ಲಿ ತಪ್ತೀನಿ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಆ ಮೇಷ್ಟ್ರು ತಪ್ಪು ತಪ್ಪು ಅಂತ ಕೂಗೋರೇ ಹೊರತು ಒಂದು ದಿನಾನೂ ತೋರಿಸಿರ್ಲಿಲ್ಲ. ನೀರು ತರ್ತೀನಿ ಅಂತ ಅಡುಗೆಮನೆಗೆ ಹೋಗಿ, ನೀನು ಮಾಡಿದ ಹಾಗೆ ಮೊದ್ಲು ಮಾಡ್ದೆ, ಆಮೇಲೆ ಸರಿ ಮಾಡಿ ನೋಡ್ದೆ. ನಾಲ್ಕೈದು ಸಲ. ಅಪ್ಪ ಕೆಮ್ಮಿ ಕೆಮ್ಮಿ ಬೈದ್ರು."

"ನೀನು ಅಳ್ಲಿಲ್ವಾ?"

"ಅತ್ತೆ. ಅಳ್ತಾ ಅಳ್ತಾನೇ ಮಾಡಿ ನೋಡ್ದೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಾತಾಡಲು ಏನಾದರೂ ಬೇಕಿತ್ತು. "ಅಷ್ಟು ವರ್ಷ ಹೊರಗೆ ಕೂತು, ಬೇರೆಯವರ ಹೆಜ್ಜೆ ಕೇಳಿಸ್ಕೊಂಡು ಕಲಿತ್ಯಲ್ಲ, ಅದಕ್ಕೇ ಹೀಗೆ ಕೇಳಿದ ಮೇಲೆ ಹೆಜ್ಜೆ ಇಡೋ ಅಭ್ಯಾಸ ಬಂತೇನೋ."

"ಇಲ್ಲ ಬಿಡೇ, ಅದಕ್ಕೂ ಮೊದ್ಲಿಂದ ಹಾಗೇ. ಮೇಷ್ಟ್ರು ಸುಳ್ಳು ಹೇಳಿರ್ಲಿಲ್ಲ." ಅಕ್ಕ ಸೆರಗಿನಿಂದ ಕಣ್ಣಿನ ಮೂಲೆ ಒತ್ತಿಕೊಂಡು ಚೀಲವನ್ನು ಹೆಗಲಿಗೇರಿಸಿದಳು. "ಏಳು. ನಿನ್ನ ಕೆಲಸ ಆಯ್ತಲ್ಲ, ಇನ್ನು ನಂದು."

ಹಲಗೆ ನೆಲದ ದೊಡ್ಡ ಹಾಲ್, ಒಂದು ಗೋಡೆ ಪೂರ್ತಿ ಕನ್ನಡಿ. ಹೆಂಗಸರು ಕೂದಲು ಬಿಗಿದು ಕಟ್ಟುತ್ತ, ಕಾಲು ಚಾಚುತ್ತ ಇದ್ದರು. ಟೀಚರ್ ಹುಡುಗಿ ಬಾಗಿಲಲ್ಲಿ ಇವರನ್ನು ಕಂಡವಳೇ ಸಂಗೀತದ ಪೆಟ್ಟಿಗೆಯ ಕಡೆ ತಿರುಗಿ ಇಲ್ಲದ ಗುಂಡಿ ಹುಡುಕತೊಡಗಿದಳು. ಅಕ್ಕ ನೇರ ಅಲ್ಲಿಗೇ ಹೋದಳು. "ಮೇಡಂ, ತಂಗಿ ಎಲ್ಲ ಹೇಳಿದ್ಲು. ಹೂ ಕೊಡೋ ಕೆಲಸ ನನ್ನ ಕೈಲಾಗಲ್ಲ, ಅದಕ್ಕೆ ಬೇರೆಯವರನ್ನ ನೋಡಿ. ನನಗೆ ಹಿಂದಿನ ಸಾಲಲ್ಲಿ, ಆ ಮೂಲೇಲಿ ಜಾಗ ಕೊಡಿ. ಅದೂ ಆಗಲ್ಲ ಅಂದ್ರೆ ನನ್ನ ಮುಖಕ್ಕೇ ಹೇಳಿ. ಶನಿವಾರ ಮನೇಲಿ ಕೂತು ಅತ್ತು, ಸೋಮವಾರ ಎಂದಿನ ಹಾಗೆ ಕ್ಲಾಸಿಗೆ ಬರ್ತೀನಿ." ಸುತ್ತ ಕಾಲು ಚಾಚಿದವರು ಚಾಚಿದ ಹಾಗೇ ಇದ್ದರು. ಹುಡುಗಿಯ ಮುಖ ಕೆಂಪಾಯಿತು. "ಅಮ್ಮ, ನಾನು... ನಿಮ್ಮ ಹತ್ರಾನೇ ಹೇಳ್ಬೇಕಿತ್ತು. ತಪ್ಪಾಯ್ತು. ಹಿಂದಿನ ಸಾಲು, ಎಡಗಡೆ. ಆಗುತ್ತಾ?" "ಯಾಕಾಗಲ್ಲ?" ಅಂದಳು ಅಕ್ಕ. ಮುಂದಿನ ಸಾಲಿನ ಒಬ್ಬಾಕೆ ಸಮಾಧಾನಕ್ಕೆಂದು, "ಹಿಂದೆ ನಿಂತ್ರೆ ಯಾರಿಗೂ ಅಷ್ಟು ಕಾಣಲ್ಲ ಬಿಡಿ" ಅಂದಾಗ, "ನನಗೆ ಕಾಣುತ್ತಲ್ಲ" ಎಂದು ಚಪ್ಪಲಿ ಬಿಟ್ಟಳು.

ಅವಳು ಗೋಡೆ ಬದಿಯ ಬೆಂಚಿನಲ್ಲಿ ಕೂತಳು. ಸಂಗೀತ ಶುರುವಾಯಿತು. ಅಭ್ಯಾಸಬಲದಿಂದ ಕಿರುಬೆರಳು ತೊಡೆಯನ್ನು ಒತ್ತಿತು: ಒಂದು, ಎರಡು. ಹನ್ನೊಂದು ಜೊತೆ ಕಾಲು ಒಟ್ಟಿಗೆ ಬಿದ್ದವು, ಅಚ್ಚುಮೊಳೆ ಜೋಡಿಸಿದ ಹಾಗೆ ಸಾಲು ಸರಿಯಾಗಿತ್ತು, ಕಣ್ಣು ಎಲ್ಲೂ ತೊಡರಲಿಲ್ಲ, ಜಾರಿಕೊಂಡು ಹೋಯಿತು. ಮುಂದಿನ ಸಾಲಿನವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಎರಡನೆಯ ಸಾಲಿನವರು ಮುಂದಿನವರ ಕಾಲನ್ನು. ತುಟಿಗಳು ಎಣಿಸುತ್ತಿದ್ದವು. ಹಿಂದೆ, ಕಿಟಕಿಯ ಬೆಳಕು ಅರ್ಧ ಬಿದ್ದಿದ್ದ ಮೂಲೆಯಲ್ಲಿ ಅಕ್ಕನ ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಹದಿಮೂರರ ಹುಡುಗಿ ಎದ್ದು ನಿಂತು ಅಣಕಿಸಿದ್ದ ಅದೇ ಮುಖ. ಇಷ್ಟು ವರ್ಷ ಅವಳು ನೋಡಿದ್ದು ಕಾಲನ್ನು. ಮುಖವನ್ನು ಅಣಕಿಸಲು ನೋಡಿದ್ದಳೇ ಹೊರತು ನೋಡಲೆಂದು ನೋಡಿರಲಿಲ್ಲ. ಕುತ್ತಿಗೆ ತಿರುಗಿದಾಗ ಅದರ ಹಿಂದೆ ಭುಜ, ಭುಜದ ಹಿಂದೆ ಬೆನ್ನು, ಬೆನ್ನಿನ ಹಿಂದೆ ಸೊಂಟ, ನೀರು ತಿರುಗಿದ ಹಾಗೆ ನಿಧಾನವಾಗಿ ತಿರುಗಿ, ಎಲ್ಲದರ ಕೊನೆಗೆ ಆ ಬಲಗಾಲು ಬರುತ್ತಿತ್ತು, ಮನೆಗೆ ಬರುವವರ ಹಾಗೆ, ಅವಸರವಿಲ್ಲದೆ. ತಡ ನಿಜ. ತಪ್ಪು ನಿಜ. ಹನ್ನೊಂದು ಜನ ಎಣಿಸುತ್ತಿದ್ದರು, ಅಕ್ಕ ಕುಣಿಯುತ್ತಿದ್ದಳು. ಕೂತು ಏಳುವ ಸುತ್ತು ಬಂದಾಗ ಮಂಡಿ ಹಟ ಮಾಡಿತು. ಅಕ್ಕ ಅರ್ಧಕ್ಕೆ ನಿಂತು, ಒಂದು ಕೈಯನ್ನು ತೊಡೆಗೆ ಕೊಟ್ಟು, ಹಲ್ಲು ಕಚ್ಚಿ ಎದ್ದಳು, ಎದ್ದ ಗಳಿಗೆಯಲ್ಲೇ ಆ ಕೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ ಅರಳಿಸಿಕೊಂಡು ಹೋದಳು, ನೋವೂ ಅದರೊಳಗಿನ ಒಂದು ಭಾವವೆಂಬಂತೆ. ಬೆಂಚಿನ ಮೇಲೆ ಕೂತವಳಿಗೆ ಎದೆಯೊಳಗೆ ಏನೋ ಸರಕ್ಕನೆ ಹರಿಯಿತು. ಅದು ಅಸೂಯೆ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತೇ ಬೇಕಾಯಿತು. ಎಂಟು ಎಣಿಕೆಗೆ ಹೆದರಿ ಮನೆಯ ಬಾಗಿಲ ಹಿಂದೆ ನಿಂತವಳಿಗೆ, ಐವತ್ಮೂರು ವರ್ಷ ಒಂದು ಎಣಿಕೆಯೂ ಸರಿ ಬೀಳದ ಅಕ್ಕನ ಮೇಲೆ ಅಸೂಯೆ. ಅಸೂಯೆ ಹೋಗಲಿಲ್ಲ, ಅದರ ಪಕ್ಕದಲ್ಲೇ ಹೆಮ್ಮೆಯೂ ಬಂದು ಜಾಗ ಮಾಡಿಕೊಂಡು ಕೂತಿತು. ಬೆರಳು ಎಣಿಸುವುದನ್ನು ಯಾವಾಗ ನಿಲ್ಲಿಸಿತೋ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣ ಅರ್ಧ ತುಂಬಿತ್ತು, ಹೆಚ್ಚಿನವರು ಮೊಮ್ಮಕ್ಕಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲೇ ಬಂದು, ಹಿಂದಿನ ಮೂಲೆ ಚೆನ್ನಾಗಿ ಕಾಣುವ ಕುರ್ಚಿಯನ್ನು ನಾಲ್ಕು ಕಡೆ ಕೂತು ಪರೀಕ್ಷಿಸಿ ಹಿಡಿದಿದ್ದರು. "ಇಲ್ಲಿ ಬಾಮ್ಮ. ಇಲ್ಲಿಂದ ಕಂಬ ಅಡ್ಡ ಬರಲ್ಲ." ನೃತ್ಯ ಹನ್ನೊಂದು ನಿಮಿಷ. ಮುಂದಿನ ಸಾಲು ಹೇಗಿತ್ತೆಂದು ಆಮೇಲೆ ಯಾರೋ ಕೇಳಿದಾಗ ಅವಳಿಗೆ ಹೇಳಲಾಗಲಿಲ್ಲ. ಮಂಡಿಯ ಸುತ್ತಿನಲ್ಲಿ ಭಾವ ತಮ್ಮ ಮಂಡಿಯನ್ನೇ ಬಿಗಿಯಾಗಿ ಹಿಡಿದುಕೊಂಡರು, ಅಕ್ಕ ಏಳುವವರೆಗೂ ಬಿಡಲಿಲ್ಲ. ಸಂಗೀತ ನಿಂತಿತು, ಹನ್ನೊಂದು ಜನ ಸ್ತಬ್ಧರಾದರು, ಚಪ್ಪಾಳೆ ಶುರುವಾಯಿತು. ಮೂಲೆಯಲ್ಲಿ ಅಕ್ಕನ ಕೈ ಇನ್ನೂ ಮೇಲಿನಿಂದ ಇಳಿದು ಬರುತ್ತಿತ್ತು. ಅದು ಬಂದು ಎದೆಯ ಹತ್ತಿರ ನಿಲ್ಲುವವರೆಗೆ ಅವಳು ತನ್ನೆರಡು ಕೈಗಳನ್ನು ಬೇರೆ ಬೇರೆ ಹಿಡಿದು ಕಾದಳು. ಆಮೇಲೆ ತಟ್ಟಿದಳು, ಅಂಗೈ ಉರಿಯುವ ಹಾಗೆ. ಪಕ್ಕದಲ್ಲಿ ಭಾವನೂ ಅಲ್ಲಿಯವರೆಗೆ ಕಾದು ಶುರುಮಾಡಿದರು.

ರಂಗದ ಹಿಂದಿನ ಕೋಣೆಯಲ್ಲಿ ಅಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಅವಳನ್ನು ಕಂಡದ್ದೇ ಕೇಳಿದಳು: "ಹೇಗಿತ್ತು? ಚೆನ್ನಾಗಿತ್ತು ಗಿನ್ನಾಗಿತ್ತು ಅನ್ಬೇಡ. ಸರಿಯಾಗಿ ಹೇಳು."

ಅವಳು ಎದುರು ಕೂತಳು. "ಕಾಲು ತಡ. ಶುರುವಿನಿಂದ ಕೊನೇವರೆಗೂ."

"ಎಷ್ಟು?"

"ಅರ್ಧ ಹೆಜ್ಜೆ."

"ಅರ್ಧವೇ?" ಅಕ್ಕನ ಮುಖ ಅರಳಿತು. "ಹೋದ ವರ್ಷ ಮುಕ್ಕಾಲಿತ್ತು ಕಣೇ!"

"ಕಣ್ಣು ತೆಗೆಯೋಕಾಗ್ಲಿಲ್ಲ ಅಕ್ಕ," ಎಂದಳು ಅವಳು. ಅಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಪಿನ್ನು ತೆಗೆಯುತ್ತ, ನಾಳೆ ಬಿಸಿನೀರಲ್ಲಿ ಕಾಲಿಡಬೇಕು, ನಿಮ್ಮ ಭಾವ ಹಸಿದಿರ್ತಾರೆ, ಆ ಮುಂದಿನ ಸಾಲಿನವಳ ಜಡೆ ಬಿಚ್ಚಿಹೋಯ್ತು ನೋಡ್ದ್ಯಾ ಎಂದು ಹೇಳುತ್ತಲೇ ಹೋದಳು. ಅವಳು ಅಕ್ಕನ ಬಲಗಾಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಅಂಗಾಲು ಒತ್ತತೊಡಗಿದಳು. ಹಿಮ್ಮಡಿ ಒಡೆದಿತ್ತು, ಕಾಲು ಕಾದ ಇಸ್ತ್ರಿಯ ಹಾಗೆ ಬಿಸಿಯಾಗಿತ್ತು. ಹೊರಗೆ ರಂಗದ ಮೇಲೆ ಮಕ್ಕಳ ನೃತ್ಯದ ಸಂಗೀತ ಶುರುವಾಯಿತು. ಅಕ್ಕ ಜಡೆಯ ಮಾತಿನಲ್ಲೇ ಇದ್ದಳು. ಮಡಿಲಲ್ಲಿದ್ದ ಕಾಲು ಮಾತ್ರ, ಬೆರಳು ಮೊದಲು, ಆಮೇಲೆ ಪಾದ, ತನ್ನಷ್ಟಕ್ಕೆ ಕದಲತೊಡಗಿತು. ಅದಕ್ಕೆ ತಡೆಯಾಗದಿರಲೆಂದು ಅವಳು ಹಿಡಿತ ಸಡಿಲಿಸಿದಳು.